ಬರ್ಗ್‌ಮನ್ ಚಿತ್ರಗಳ ಹಿಂದಿನ ಲೇಖನಿ: ಉಲ್ಲಾ ಈಸಾಕ್ಸನ್



ಈ ಉಪನ್ಯಾಸಕ್ಕೆ ಕಾರ್ಯದರ್ಶಿಗಳು ಮೊದಲು ಸೂಚಿಸಿದ ವಿಷಯ ಹಾಲಿವುಡ್ಡಿನ ಚಿತ್ರಕಥಾ ಲೇಖಕರು ಎಂಬುದಾಗಿತ್ತು. ವಿಷಯ ರುಚಿಕರವಾದದ್ದೇ. 1950ರ ದಶಕದ ಹಾಲಿವುಡ್ಡಿನಲ್ಲಿ ಚಿತ್ರಕಥೆ ಬರೆಯುವವನಿಗೆ ಹಣವಿತ್ತು, ಹೆಸರಿರಲಿಲ್ಲ. ಡಾಲ್ಟನ್ ಟ್ರಂಬೋ ಎಂಬಾತ ರಾಜಕೀಯ ನಂಬಿಕೆಗಳ ವಿಚಾರಣೆಗೆ ಉತ್ತರ ಕೊಡಲೊಪ್ಪದೆ 1950ರಲ್ಲಿ ಸೆರೆಮನೆಗೆ ಹೋಗಿ, ಹೊರಬಂದ ಮೇಲೆ ಬೇರೆಯವರ ಹೆಸರಿನಲ್ಲಿ ಬರೆದು ಹೊಟ್ಟೆ ಹೊರೆದ. ಹಾಗೆ ಬರೆದ ಎರಡು ಕಥೆಗಳಿಗೆ ಆಸ್ಕರ್ ಬಂತು. 1957ರಲ್ಲಿ 'ರಾಬರ್ಟ್ ರಿಚ್' ಎಂದು ವೇದಿಕೆಯ ಮೇಲೆ ಕರೆದಾಗ ಆ ಹೆಸರಿನ ಲೇಖಕನೇ ಇರಲಿಲ್ಲ. ಈ ಕತೆ ಪ್ರಪಂಚಕ್ಕೆಲ್ಲ ಗೊತ್ತು, ಅದನ್ನು ಕುರಿತು ಸಿನಿಮಾ ಕೂಡ ಬಂದಿದೆ. ಆದರೆ ನಾವು ಅನ್ನ ಉಣ್ಣುತ್ತಿರುವ ಈ ಸ್ವೀಡನ್ ದೇಶದಲ್ಲಿ, ಅದೇ ದಶಕದಲ್ಲಿ, ಯಾರ ನಿಷೇಧವೂ ಇಲ್ಲದೆ, ತನ್ನ ಸ್ವಂತ ಹೆಸರಿನಲ್ಲಿಯೇ ಬರೆದೂ ಹೆಚ್ಚುಕಡಿಮೆ ಅಜ್ಞಾತವಾಗಿ ಉಳಿದ ಲೇಖಕಿಯೊಬ್ಬರಿದ್ದರು. ಅವರ ಚಿತ್ರಕಥೆಯೊಂದರ ಚಲನಚಿತ್ರಕ್ಕೆ ಆಸ್ಕರ್ ಬಂತು. ಇನ್ನೊಂದಕ್ಕೆ ಕಾನ್ ಉತ್ಸವದಲ್ಲಿ ಎರಡು ಬಹುಮಾನಗಳು ಬಂದವು. ಲೋಕ ಆ ಎರಡನ್ನೂ 'ಬರ್ಗ್‌ಮನ್ ಚಿತ್ರ' ಎಂದು ಕರೆದು ಮುಂದೆ ಸಾಗಿತು. ಹೀಗಾಗಿ ಕಾರ್ಯದರ್ಶಿಗಳ ಅನುಮತಿಯಿಂದ ನಾವು ವಿಷಯವನ್ನು ಹಾಲಿವುಡ್ಡಿನಿಂದ ಸ್ಟಾಕ್‌ಹೋಮಿಗೆ ತಂದುಕೊಂಡಿದ್ದೇವೆ.

ಉಲ್ಲಾ ಈಸಾಕ್ಸನ್ ಹುಟ್ಟಿದ್ದು 1916ರ ಜೂನ್ 12ರಂದು, ಸ್ಟಾಕ್‌ಹೋಮಿನಲ್ಲಿ. ಸ್ವೀಡನ್ನಿನ ಅಧಿಕೃತ ಲೂಥರನ್ ಚರ್ಚಿನ ಶಿಸ್ತಿನಿಂದ ಹೊರಬಂದು ತಮ್ಮದೇ ಪ್ರಾರ್ಥನಾ ಮಂದಿರಗಳನ್ನು ಕಟ್ಟಿಕೊಂಡ ಸ್ವತಂತ್ರ ಪಂಥಗಳ ಪೈಕಿ ಮಿಷನ್ ಒಕ್ಕೂಟ ಎಂಬುದೊಂದು. ಆ ಪಂಥದ ಮನೆಯಲ್ಲಿ ಬೆಳೆದವರು ಅವರು. ನಮ್ಮ ಕಡೆಯ ಭಜನೆ ಮನೆಗಳನ್ನು ನೆನೆದುಕೊಂಡರೆ ಆ ವಾತಾವರಣ ಸ್ವಲ್ಪ ಹೊಳೆದೀತು: ಹಾಡು, ಪ್ರಾರ್ಥನೆ, ಪಾಪಪುಣ್ಯಗಳ ಎಡೆಬಿಡದ ಲೆಕ್ಕಾಚಾರ, ಅದರೊಟ್ಟಿಗೆ ನೆರೆಯವರ ಕಷ್ಟಕ್ಕೆ ಓಡಿ ಹೋಗುವ ಅಭ್ಯಾಸ. 1940ರಲ್ಲಿ 'ಟ್ರೇಡೆಟ್', ಅಂದರೆ 'ಮರ' ಎಂಬ ಕಾದಂಬರಿಯಿಂದ ಅವರ ಬರವಣಿಗೆ ಆರಂಭವಾಯಿತು. ಮೊದಲ ಪುಸ್ತಕಗಳು ಭಕ್ತರ ಮನೆಗಳ ಒಳಗಿನವೇ. ಕ್ರಮೇಣ ಆ ಪಂಥದ ಕಟ್ಟಿನಿಂದ ಅವರು ಹೊರಗೆ ಬಂದರು. ನಂಬಿಕೆ ಸಡಿಲಿಸಿತೇ ಹೊರತು ನಂಬಿಕೆ ಎತ್ತುವ ಪ್ರಶ್ನೆಗಳು ಅವರನ್ನು ಬಿಟ್ಟು ಹೋಗಲಿಲ್ಲ.

1952ರ 'ಹೆಂಗಸರ ಮನೆ' ಎಂಬ ಕಾದಂಬರಿ, ಸ್ವೀಡಿಷ್ ಭಾಷೆಯಲ್ಲಿ 'ಕ್ವಿನ್ನೂಹ್ಯೂಸೆಟ್', ಅವರನ್ನು ಚಿತ್ರರಂಗದ ಬಾಗಿಲಿಗೆ ತಂದಿತು. ಸ್ಟಾಕ್‌ಹೋಮಿನ ಒಂದು ವಸತಿಗೃಹ, ಅದರಲ್ಲಿ ಒಬ್ಬೊಬ್ಬರೇ ಬಾಡಿಗೆಗಿರುವ ದುಡಿಯುವ ಹೆಂಗಸರು, ಗೋಡೆಯ ಒಂದೊಂದು ಬದಿಗೆ ಒಂದೊಂದು ಒಂಟಿತನ. ಮರುವರ್ಷವೇ ಹಾಂಪೆ ಫೌಸ್ಟ್‌ಮನ್ ಎಂಬ ನಿರ್ದೇಶಕ ಅದನ್ನು ಚಲನಚಿತ್ರ ಮಾಡಿದರು, ಚಿತ್ರಕಥೆಯನ್ನು ಲೇಖಕಿಯೇ ಬರೆದರು. ಚಿತ್ರ ದೊಡ್ಡ ಸಂಗತಿಯೇನಲ್ಲ. ಆದರೆ ನಾಲ್ಕಾರು ಹೆಂಗಸರನ್ನು ಒಂದೇ ಸೂರಿನಡಿ ಕೂಡಿಸಿ, ಗಂಡಸರನ್ನು ಹೊಸ್ತಿಲಾಚೆ ನಿಲ್ಲಿಸಿ ನೋಡುವ ರೀತಿ ಅಲ್ಲಿಂದಲೇ ಶುರುವಾದದ್ದು. ಆರು ವರ್ಷಗಳ ನಂತರ ಅದೇ ರೀತಿ ಇನ್ನೊಂದು ಸೂರಿನಡಿ ಫಲ ಕೊಟ್ಟಿತು.

ಅದಕ್ಕೂ ಮೊದಲು 1956ರಲ್ಲಿ 'ಡಿಟ್ ಡೂ ಇಕೆ ವಿಲ್' ಬಂತು. 'ನಿನಗೆ ಇಷ್ಟವಿಲ್ಲದ ಕಡೆಗೆ' ಎಂದು ಅರ್ಥ; ಬೈಬಲ್ಲಿನ ಮಾತು. ಹದಿನೇಳನೆಯ ಶತಮಾನದ ಮಾಟಗಾತಿ ವಿಚಾರಣೆಗಳ ಕಾಲ ಅದರ ವಸ್ತು. 1668ರಲ್ಲಿ ದಾಲಾರ್ನದ ಎಲ್ವ್‌ದಾಲೆನ್‌ನಲ್ಲಿ ಹೊತ್ತಿಕೊಂಡ ಆ ಬೆಂಕಿ ಎಂಟು ವರ್ಷ ಉರಿಯಿತು. ಸಾಕ್ಷಿ ಹೇಳಿದವರು ಬಹುಪಾಲು ಮಕ್ಕಳು: ಇಂಥ ಹೆಂಗಸು ರಾತ್ರಿ ನಮ್ಮನ್ನು ಹೊತ್ತುಕೊಂಡು ಸೈತಾನನ ಔತಣಕ್ಕೆ ಹಾರಿ ಹೋದಳು ಎಂದು. 1675ರಲ್ಲಿ ಟೋರ್‌ಸೋಕೆರ್ ಎಂಬಲ್ಲಿ ಒಂದೇ ದಿನ 71 ಜನರ ತಲೆ ಕಡಿದು ಸುಟ್ಟರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಮಕ್ಕಳು ತಾವು ಹೇಳಿದ್ದು ಕಟ್ಟುಕತೆಯೆಂದು ಒಪ್ಪಿಕೊಂಡ ಮೇಲೆ ಪಿಡುಗು ನಿಂತಿತು. ಅಲ್ಲಿಯ ವಿಚಾರಣಾ ಮಂಡಳಿಯಲ್ಲಿ ಕುಳಿತು ಮಕ್ಕಳ ಮಾತನ್ನು ಅನುಮಾನಿಸಿದವರಲ್ಲಿ ಊರ್ಬನ್ ಯೆರ್ನೆ ಎಂಬ ವೈದ್ಯನೂ ಇದ್ದ ಎಂಬುದನ್ನು ನಮ್ಮ ವೃತ್ತಿಯ ಅಭಿಮಾನದಿಂದ ಇಲ್ಲಿ ಸೇರಿಸುತ್ತಿದ್ದೇವೆ, ಕ್ಷಮಿಸಬೇಕು. ಹಳೆಯ ಕಾಲದ ಭಯಭಕ್ತಿಗಳನ್ನು ಹೊರಗಿನಿಂದ ನೋಡಿ ನಗದೆ, ಒಳಗಿನಿಂದ ನೋಡಿ ನಡುಗುವಂತೆ ಬರೆದ ಈ ಕಾದಂಬರಿ ಈಸಾಕ್ಸನ್ ಅವರಿಗೆ ಗಟ್ಟಿಯಾದ ಹೆಸರು ತಂದಿತು. ಇಂಗ್ಮಾರ್ ಬರ್ಗ್‌ಮನ್ ಅದನ್ನು ಮೆಚ್ಚಿಕೊಂಡಿದ್ದರು.

ಬರ್ಗ್‌ಮನ್ ಆ ಹೊತ್ತಿಗೆ ತಮ್ಮ ಚಿತ್ರಗಳನ್ನು ಸಾಮಾನ್ಯವಾಗಿ ತಾವೇ ಬರೆಯುತ್ತಿದ್ದರು. 1957ರ 'ಏಳನೆಯ ಮುದ್ರೆ'ಯೂ 'ಕಾಡುಸ್ಟ್ರಾಬೆರಿಗಳ ತಾಣ'ವೂ ಅವರದೇ ಬರವಣಿಗೆ. ಅಂಥವರು ಎರಡು ವರ್ಷಗಳೊಳಗೆ ಎರಡು ಬಾರಿ ಇನ್ನೊಬ್ಬರ ಚಿತ್ರಕಥೆಯನ್ನು ಕೈಗೆ ತೆಗೆದುಕೊಂಡದ್ದು, ಎರಡು ಬಾರಿಯೂ ಅದು ಒಬ್ಬರೇ ಲೇಖಕಿಯದಾಗಿದ್ದದ್ದು ಗಮನಿಸತಕ್ಕ ಸಂಗತಿ.

ಮೊದಲನೆಯದು 'ನ್ಯಾರಾ ಲೀವೆಟ್', ಎಂದರೆ 'ಬದುಕಿನ ಹತ್ತಿರ'. 1954ರ ಒಂದು ಕಥಾಸಂಗ್ರಹದಲ್ಲಿದ್ದ ತಮ್ಮದೇ ಬರಹದಿಂದ ಈಸಾಕ್ಸನ್ ಇದರ ಚಿತ್ರಕಥೆಯನ್ನು ಬೆಳೆಸಿದರು. ರೂಪಿಸುವಾಗ ಬರ್ಗ್‌ಮನ್ ಜತೆಗಿದ್ದರು. ಚಿತ್ರ ತೆರೆ ಕಂಡದ್ದು 1958ರ ಮಾರ್ಚಿನಲ್ಲಿ. ಸ್ಟಾಕ್‌ಹೋಮಿನ ಆಸ್ಪತ್ರೆಯೊಂದರ ಹೆರಿಗೆ ವಿಭಾಗ, ಒಂದು ಕೋಣೆ, ಮೂರು ಮಂಚ, ಹೆಚ್ಚೆಂದರೆ ಎರಡು ದಿನದ ಅವಧಿ. ಮೊದಲ ಮಂಚದ ಸಿಸಿಲಿಯಾಳಿಗೆ ಮೂರನೆಯ ತಿಂಗಳಲ್ಲಿ ಗರ್ಭ ಜಾರಿದೆ. ಎರಡನೆಯ ಮಂಚದ ಸ್ಟೀನಾ ದಿನ ತುಂಬಿ ಮೀರಿದವಳು, ಗಟ್ಟಿಮುಟ್ಟಾದ ಹೆಂಗಸು, ಮಗುವಿನ ನಿರೀಕ್ಷೆಯಲ್ಲಿ ಉಬ್ಬಿಹೋಗಿದ್ದಾಳೆ. ಮೂರನೆಯವಳು ಯೋರ್ಡಿಸ್, ಮದುವೆಯಾಗದ ಹುಡುಗಿ. ಗರ್ಭ ತೆಗೆಸಿಕೊಳ್ಳಲು ಯತ್ನಿಸಿ ಇಲ್ಲಿಗೆ ಬಂದವಳು. ಈ ಮೂವರ ನಡುವೆ ಓಡಾಡುವವಳು ಬ್ರೀತಾ ಎಂಬ ದಾದಿ. ಇಂಗ್ರಿಡ್ ಥೂಲಿನ್, ಎವಾ ಡಾಲ್‌ಬೆಕ್, ಬೀಬಿ ಆಂಡರ್ಶನ್, ಬಾರ್ಬ್ರೂ ಯೋರ್ಟ್ ಆವ್ ಓರ್ನೆಸ್ ಕ್ರಮವಾಗಿ ಈ ನಾಲ್ವರ ಪಾತ್ರ ವಹಿಸಿದರು. ಆ ವರ್ಷ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಬಹುಮಾನವನ್ನು ನಾಲ್ವರಿಗೂ ಕೂಡಿಸಿಯೇ ಕೊಟ್ಟರು. ಶ್ರೇಷ್ಠ ನಿರ್ದೇಶಕ ಬಹುಮಾನ ಬರ್ಗ್‌ಮನ್‌ಗೆ ಹೋಯಿತು.

ಈ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ತಳ್ಳುಗಾಡಿಯ ಚಕ್ರದ ಸದ್ದು, ಬಾಗಿಲು ತೆರೆದು ಮುಚ್ಚುವ ಸದ್ದು, ಎಲ್ಲೋ ಒಂದು ಮಗುವಿನ ಅಳು. ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಈ ಮೌನ ಎಷ್ಟು ನಿಜವಾದದ್ದೆಂದು ಗೊತ್ತು. ನಮ್ಮ ಭಾರತೀಯ ಚಿತ್ರಗಳ ಹೆರಿಗೆಯನ್ನು ನೀವೆಲ್ಲ ನೋಡಿದ್ದೀರಿ: ಮುಚ್ಚಿದ ಬಾಗಿಲು, ಅದರ ಮೇಲೊಂದು ಕೆಂಪು ದೀಪ, ಹೊರಗೆ ಕೈ ಹಿಸುಕಿಕೊಳ್ಳುತ್ತ ಅತ್ತಿತ್ತ ನಡೆಯುವ ನಾಯಕ, ಒಂದು ಅಳು, ಕೈಗವಸು ಕಳಚುತ್ತ ಬರುವ ಡಾಕ್ಟರು, 'ಗಂಡು ಮಗು!' ಈಸಾಕ್ಸನ್ ನಮ್ಮನ್ನು ಆ ಬಾಗಿಲಿನ ಈ ಕಡೆ ಬಿಡುವುದಿಲ್ಲ, ಒಳಗೆ ಕೂರಿಸುತ್ತಾರೆ. ಗಂಡಂದಿರು ಭೇಟಿ ಸಮಯಕ್ಕೆ ಬಂದು ಹೋಗುತ್ತಾರೆ. ಡಾಕ್ಟರು ಕೂಡ ಬಂದು ಹೋಗುವವನೇ.

ಸ್ಟೀನಾಳ ಮಗು ಹುಟ್ಟುವಾಗಲೇ ಸಾಯುತ್ತದೆ. ಮೂವರಲ್ಲಿ ಆರೋಗ್ಯವಂತಳೂ ಸಂತೋಷವಂತಳೂ ಆದವಳಿಗೇ ಹೀಗಾಗುತ್ತದೆ. ಯಾಕೆ ಎಂಬುದಕ್ಕೆ ತೃಪ್ತಿಯಾಗುವ ಉತ್ತರ ಚಿತ್ರದಲ್ಲಿಲ್ಲ. ಸಾಮಾನ್ಯ ಚಿತ್ರಕಥೆಗಾರನಾಗಿದ್ದರೆ ಇಲ್ಲೊಂದು ಕಾರಣ ಹುಡುಕುತ್ತಿದ್ದ: ವೈದ್ಯನ ಅಲಕ್ಷ್ಯ, ಹಿಂದಿನ ಪಾಪ, ಕಾಲುಜಾರಿ ಬಿದ್ದದ್ದು. ಕಾರಣವಿದ್ದರೆ ನೋಡುಗನಿಗೆ ಸಮಾಧಾನ. ಈಸಾಕ್ಸನ್ ಆ ಸಮಾಧಾನವನ್ನು ಕೊಡಲೊಪ್ಪಲಿಲ್ಲ. ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ, ಕರ್ನಾಟಕದ ಒಂದು ಸರಕಾರಿ ಆಸ್ಪತ್ರೆಯಲ್ಲಿ, ಸತ್ತ ಕೂಸನ್ನು ಹೆತ್ತ ತಾಯಿಯನ್ನು ಬದುಕಿದ ಕೂಸಿನ ತಾಯಿಯ ಪಕ್ಕದ ಮಂಚದಲ್ಲೇ ಮಲಗಿಸಬೇಕಾಗುತ್ತಿತ್ತು. ಬೇರೆ ಜಾಗವೇ ಇರಲಿಲ್ಲ. 'ಯಾಕೆ ಡಾಕ್ಟ್ರೇ?' ಎಂದು ಆ ತಾಯಂದಿರು ಕೇಳುತ್ತಿದ್ದುದಕ್ಕೆ ಪುಸ್ತಕದಲ್ಲಿ ಉತ್ತರವಿರುತ್ತಿದ್ದದ್ದು ಕೆಲವು ಸಲ ಮಾತ್ರ. 1958ರ ಹೊತ್ತಿಗೆ ಸ್ವೀಡನ್, ಶಿಶುಮರಣ ಪ್ರಪಂಚದಲ್ಲೇ ಅತಿ ಕಡಿಮೆಯಿದ್ದ ದೇಶಗಳಲ್ಲೊಂದಾಗಿತ್ತು. ಎಲ್ಲ ಸರಿಯಾಗಿ ನಡೆಯುತ್ತಿದ್ದ ಇಂಥ ನಾಡಿನಲ್ಲಿ, ಎಲ್ಲ ಸರಿಯಾಗಿ ನಡೆದ ಮೇಲೂ ಉಳಿಯುವ ದುಃಖವನ್ನು ಕುರಿತು ಬರೆಯುವುದಕ್ಕೆ ಧೈರ್ಯ ಬೇಕು.

ಯೋರ್ಡಿಸಳ ಪಾಡಿಗೂ ಒಂದು ಚರಿತ್ರೆಯಿದೆ. 1938ರ ಕಾನೂನಿನ ಪ್ರಕಾರ ಸ್ವೀಡನ್ನಿನಲ್ಲಿ ಗರ್ಭಪಾತಕ್ಕೆ ಕೆಲವೇ ಕಾರಣಗಳಿಗೆ, ಅನುಮತಿ ಪಡೆದ ಮೇಲೆ ಅವಕಾಶವಿತ್ತು. ಹದಿನೆಂಟನೆಯ ವಾರದವರೆಗೆ ನಿರ್ಧಾರ ಹೆಂಗಸಿನದೇ ಎಂಬ ಈಗಿನ ಕಾನೂನು ಜಾರಿಗೆ ಬಂದದ್ದು 1975ರಲ್ಲಿ. ಈಸಾಕ್ಸನ್ ಯೋರ್ಡಿಸಳನ್ನು ದೂಷಿಸುವುದಿಲ್ಲ, ಅವಳ ಬಾಯಿಂದ ಭಾಷಣವನ್ನೂ ಮಾಡಿಸುವುದಿಲ್ಲ. ಕೊನೆಗೆ ಅವಳು ಮಾಡುವುದು ಒಂದೇ ಕೆಲಸ: ಹೆದರಿ ಹೆದರಿ ಊರಿನಲ್ಲಿರುವ ತಾಯಿಗೆ ಫೋನು ಮಾಡುತ್ತಾಳೆ. ತಾಯಿ, ಮನೆಗೆ ಬಾ ಎನ್ನುತ್ತಾಳೆ. ದೂರದೇಶದಲ್ಲಿದ್ದುಕೊಂಡು ಕೆಟ್ಟ ಸುದ್ದಿಯನ್ನು ತಾಯಿಗೆ ಹೇಳಲು ಫೋನು ಹಿಡಿದು ನಿಂತ ಅನುಭವ ಈ ಸಭೆಯಲ್ಲಿ ಯಾರಿಗಿಲ್ಲ?

ಎರಡನೆಯ ಚಿತ್ರ 'ಯುಂಗ್‌ಫ್ರುಶೆಲ್ಲನ್', 'ಕನ್ಯೆಯ ಚಿಲುಮೆ'. 1960ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಇದರ ಮೂಲ ಒಂದು ಮಧ್ಯಯುಗದ ಲಾವಣಿ, 'ವೆಂಗೆಯ ತೋರೆಯ ಹೆಣ್ಣುಮಕ್ಕಳು'. ಲಿನ್‌ಶೋಪಿಂಗ್ ಸಮೀಪದ ಶೆರ್ನಾ ಚರ್ಚಿನೊಡನೆ ಜನ ಈ ಕತೆಯನ್ನು ಜೋಡಿಸಿ ಹೇಳುತ್ತ ಬಂದಿದ್ದಾರೆ. ಲಾವಣಿಯಲ್ಲಿ ಚರ್ಚಿಗೆ ಹೊರಟ ಮೂವರು ಅಕ್ಕತಂಗಿಯರನ್ನು ಕಾಡಿನಲ್ಲಿ ಮೂವರು ದುಷ್ಟರು ಕೊಲ್ಲುತ್ತಾರೆ. ಕೊಂದ ಜಾಗದಲ್ಲಿ ನೀರು ಚಿಮ್ಮುತ್ತದೆ. ಕೊಂದವರು ತಿಳಿಯದೆ ಆ ಹುಡುಗಿಯರ ಮನೆಗೇ ಬಂದು, ಅವರ ಬಟ್ಟೆಗಳನ್ನು ಅವರ ತಾಯಿಗೇ ಮಾರಲು ಹೋಗುತ್ತಾರೆ. ತಂದೆ ಕತ್ತಿ ಹಿರಿಯುತ್ತಾನೆ. ಆಮೇಲೆ ತಿಳಿಯುತ್ತದೆ, ಕೊಂದವರೂ ಅವನ ಮಕ್ಕಳೇ ಎಂದು.

ಈಸಾಕ್ಸನ್ ಈ ಲಾವಣಿಗೆ ಮಾಡಿದ ಬದಲಾವಣೆಗಳಲ್ಲೇ ಅವರ ಕಸುಬು ಕಾಣುತ್ತದೆ. ಮೂವರ ಬದಲು ಒಬ್ಬಳೇ ಮಗಳು, ಕಾರಿನ್, ಮುದ್ದಿನಿಂದ ಕೆಟ್ಟ ಚೆಲುವೆ. ಅವಳೊಡನೆ ಲಾವಣಿಯಲ್ಲಿಲ್ಲದ ಇಂಗೆರಿ ಎಂಬ ಸಾಕುಮಗಳು. ಅವಳು ಬಸುರಿ, ಓಡಿನ್ ಎಂಬ ಹಳೆಯ ದೇವರನ್ನು ಕದ್ದು ಪೂಜಿಸುವವಳು. ಅಸೂಯೆಯಿಂದ ಕಾರಿನಳ ಬುತ್ತಿಯ ರೊಟ್ಟಿಯೊಳಗೆ ಕಪ್ಪೆಯನ್ನಿಟ್ಟು ಕಳಿಸುವವಳೂ ಅವಳೇ. ಕೊಲೆಗಾರರು ಅಣ್ಣಂದಿರಾಗಿದ್ದರೆಂಬ ತಿರುವನ್ನು ಲೇಖಕಿ ಪೂರ್ತಿಯಾಗಿ ಕೈಬಿಟ್ಟರು. ಆ ತಿರುವು ಲಾವಣಿಗೆ ಚೆನ್ನ, ಕೇಳುವವರು ಹಾ ಎನ್ನುತ್ತಾರೆ. ಆದರೆ ಅಲ್ಲಿ ತಂದೆಯ ಪಾಪ ತಿಳಿಯದೆ ಮಾಡಿದ ಪಾಪವಾಗುತ್ತದೆ. ಅದರ ಬದಲಿಗೆ ಅವರು ಕುರಿಕಾಯುವವರ ಗುಂಪಿನಲ್ಲಿ ಒಬ್ಬ ಪುಟ್ಟ ಹುಡುಗನನ್ನು ಇಟ್ಟರು. ಆ ಹುಡುಗ ಯಾವ ತಪ್ಪನ್ನೂ ಮಾಡಿಲ್ಲ, ನಡೆದದ್ದನ್ನು ನೋಡಿ ಹೆದರಿ ಉಂಡ ಅನ್ನವನ್ನು ಕಕ್ಕಿದವನು. ತೋರೆ ಅವನನ್ನೂ ಕೊಲ್ಲುತ್ತಾನೆ, ಹೆಂಡತಿ ಅವನನ್ನು ಮರೆಮಾಡಿಕೊಳ್ಳಲು ಯತ್ನಿಸಿದರೂ ಕೊಲ್ಲುತ್ತಾನೆ. ಈಗ ಅದು ತಿಳಿದು ಮಾಡಿದ ಪಾಪ. ಸೇಡಿಗೆ ಹೊರಡುವ ಮುನ್ನ ತೋರೆ ಒಂದು ಬರ್ಚ್ ಮರವನ್ನು ಬುಡಮೇಲು ಮಾಡಿ, ಅದರ ರೆಂಬೆಗಳಿಂದ ಬಿಸಿನೀರ ಮನೆಯಲ್ಲಿ ಮೈಗೆ ಬಡಿದುಕೊಳ್ಳುವ ದೃಶ್ಯವನ್ನು ನೋಡಿದ ಮೇಲೆ ಇಲ್ಲಿಯವರ 'ಬಸ್ತು' ಸ್ನಾನ ಬರಿಯ ಮೋಜಾಗಿ ಉಳಿಯುವುದಿಲ್ಲ. ಚಿತ್ರದ ಕೊನೆಯ ಚಿಲುಮೆಯನ್ನು ಚಿತ್ರೀಕರಿಸಿದ್ದು ದಾಲಾರ್ನದ ಸ್ಟೂಗ್‌ಫೋರ್ಸೆನ್‌ನಲ್ಲಿ; ಮಿಡ್‌ಸೊಮ್ಮರ್ ರಜೆಗೆ ರೆಟ್‌ವಿಕ್ ಕಡೆಗೆ ಹೋಗುವವರು ನೋಡಿ ಬರಬಹುದು.

ಕನ್ನಡಿಗರಿಗೆ ಈ ಕತೆ ಕೇಳಿದೊಡನೆ 'ಕೆರೆಗೆ ಹಾರ' ನೆನಪಾಗದೆ ಇರದು. ಮಲ್ಲನಗೌಡ ಕೆರೆ ಕಟ್ಟಿಸಿದರೂ ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಮೇಲೆ ಬಂತು. ಎರಡು ಕಡೆಯೂ ಒಬ್ಬ ಹೆಣ್ಣುಮಗಳ ಸಾವಿನಿಂದಲೇ ನೀರು. ಆದರೆ ನಮ್ಮ ಹಾಡಿನಲ್ಲಿ ನೀರು ಬಲಿಯ ಬೆಲೆಗೆ ಸಿಕ್ಕ ಸರಕು: ಊರಿಗೆಲ್ಲ ಗೊತ್ತು, ಮಾವನಿಗೆ ಗೊತ್ತು, ಹೋಗುವವಳಿಗೂ ಗೊತ್ತು. ಸ್ವೀಡಿಷ್ ಲಾವಣಿಯ ನೀರು ಯಾರೂ ಕೇಳದೆ ಬಂದದ್ದು. ತೋರೆ ದೇವರನ್ನು ನೀನು ನೋಡುತ್ತ ಸುಮ್ಮನಿದ್ದೆ ಎಂದು ತರಾಟೆಗೆ ತೆಗೆದುಕೊಂಡು, ಆಮೇಲೆ ತನ್ನ ಕೈಯಾರೆ ಕಲ್ಲಿನ ಚರ್ಚು ಕಟ್ಟುತ್ತೇನೆಂದು ಹರಕೆ ಹೊರುತ್ತಾನೆ. ಮಗಳ ತಲೆಯನ್ನು ಎತ್ತಿದ ಜಾಗದಿಂದ ಚಿಲುಮೆ ಹೊರಡುತ್ತದೆ. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ನಮ್ಮ ಮಟ್ಟಿಗೆ 'ಕೆರೆಗೆ ಹಾರ'ವೇ ಹೆಚ್ಚು ನಿಷ್ಠುರ. ಭಾಗೀರಥಿಯ ಗಂಡ ಮಾದೇವರಾಯ ದಂಡಿನಿಂದ ಮರಳಿ ಬಂದು ಏನನ್ನೂ ಕಟ್ಟುವುದಿಲ್ಲ, ಅದೇ ಕೆರೆಗೆ ಹಾರಿಕೊಳ್ಳುತ್ತಾನೆ.

ಚಿತ್ರದ ಅತ್ಯಾಚಾರದ ದೃಶ್ಯ ಸ್ವೀಡನ್ನಿನ ಪತ್ರಿಕೆಗಳಲ್ಲಿ ಜಗಳ ಎಬ್ಬಿಸಿತು. ಅಮೆರಿಕದಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿತ್ತು. ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರ ಚಿತ್ರಕ್ಕೆ ತಡೆ ಒಡ್ಡಿತು. ಇಷ್ಟಾದರೂ 1961ರ ಏಪ್ರಿಲಿನಲ್ಲಿ ಶ್ರೇಷ್ಠ ಅನ್ಯಭಾಷಾ ಚಿತ್ರವೆಂದು ಆಸ್ಕರ್ ಬಂದದ್ದು ಇದಕ್ಕೇ. ಚಿತ್ರಕಥೆಯ ಶ್ರೇಯ ತೆರೆಯ ಮೇಲೆ ಈಸಾಕ್ಸನ್ ಒಬ್ಬರದೇ. ಆದರೆ ಆ ಬಹುಮಾನ ಚಿತ್ರಕ್ಕೆ ಸಲ್ಲುವಂಥದು, ಲೇಖಕರಿಗಲ್ಲ. ಟ್ರಂಬೋನ ಬಹುಮಾನಕ್ಕೆ ಹೆಸರು ಸುಳ್ಳಾಗಿತ್ತು. ಇಲ್ಲಿ ಹೆಸರು ನಿಜವಾಗಿದ್ದರೂ ಅದನ್ನು ಕರೆಯುವ ಕ್ರಮವೇ ಇರಲಿಲ್ಲ. ಮುಂದೆ ಬರ್ಗ್‌ಮನ್ ಸ್ವತಃ ಈ ಚಿತ್ರವನ್ನು ಕುರೊಸಾವಾನ ಕಳಪೆ ಅನುಕರಣೆಯೆಂದು ಹೇಳಿ ಕೈತೊಳೆದುಕೊಂಡರು. 'ರಶೋಮೊನ್' ನೋಡಿದವರಿಗೆ ಕಾಡಿನ ಬೆಳಕುನೆರಳಿನಲ್ಲಿ ಆ ಹೋಲಿಕೆ ಕಂಡೀತು. ಆದರೆ ಅದು ದೃಶ್ಯದ ಮಾತು. ತಂದೆಯ ಪಾಪವನ್ನು ತಿಳಿದು ಮಾಡಿದ ಪಾಪವಾಗಿ ಮಾರ್ಪಡಿಸಿದ್ದು ಯಾರ ಅನುಕರಣೆಯೂ ಅಲ್ಲ. ವಿಚಿತ್ರವೆಂದರೆ 1972ರಲ್ಲಿ ವೆಸ್ ಕ್ರೇವನ್ ಎಂಬ ಅಮೆರಿಕದ ನಿರ್ದೇಶಕ ಇದೇ ಕಥಾಸರಣಿಯನ್ನು ಎತ್ತಿಕೊಂಡು ಒಂದು ಭೀಕರ ಚಿತ್ರ ತೆಗೆದು ತನ್ನ ವೃತ್ತಿಜೀವನ ಆರಂಭಿಸಿದ. ಅದರಲ್ಲಿ ಸೇಡು ಉಳಿಯಿತು, ಚಿಲುಮೆ ಬತ್ತಿತು.

ಉಳಿದ ಚಿತ್ರಗಳನ್ನು ಬೇಗ ಹೇಳಿ ಮುಗಿಸುತ್ತೇವೆ. 1959ರ 'ಕ್ಲೆನ್ನಿಂಗನ್', 'ಉಡುಪು', ತಾಯಿಮಗಳ ನಡುವಣ ಪೈಪೋಟಿಯ ಕಾದಂಬರಿ. 1964ರಲ್ಲಿ ವಿಲ್ಗೊಟ್ ಶೋಮನ್ ಅದನ್ನು ಚಿತ್ರ ಮಾಡಿದರು. 1973ರ 'ಪಾರಾಡೀಸ್‌ಟೋರಿ' ಎಂಬ, ಬೇಸಗೆ ಮನೆಯಲ್ಲಿ ಕೂಡಿದ ಕುಟುಂಬದ ಕತೆಯನ್ನು 1977ರಲ್ಲಿ ಚಿತ್ರ ಮಾಡಿದವರು ಗುನ್ನೆಲ್ ಲಿಂಡ್‌ಬ್ಲೋಮ್. 'ಕನ್ಯೆಯ ಚಿಲುಮೆ'ಯಲ್ಲಿ ಇಂಗೆರಿಯಾಗಿ ರೊಟ್ಟಿಯಲ್ಲಿ ಕಪ್ಪೆ ಇಟ್ಟವರೇ ಅವರು.

ವೈದ್ಯರು ತಪ್ಪದೆ ನೋಡಬೇಕಾದದ್ದು 'ಧನ್ಯರಿಬ್ಬರು', 'ಡಿ ಟ್ವೋ ಸಾಲಿಗಾ'. 1962ರ ಈ ಕಾದಂಬರಿಯನ್ನು ಈಸಾಕ್ಸನ್ ಅವರ ಚಿತ್ರಕಥೆಯಿಂದ ಬರ್ಗ್‌ಮನ್ 1986ರಲ್ಲಿ ದೂರದರ್ಶನಕ್ಕಾಗಿ ತೆಗೆದರು. ಹೆಂಡತಿಗೆ ಮತಿವಿಕಲ್ಪ, ಹೊರಗಿನವರೆಲ್ಲ ತಮಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯ. ಅವಳನ್ನು ಪ್ರೀತಿಸುವ ಗಂಡ ಅವಳನ್ನು ಒಂಟಿಯಾಗಿ ಬಿಡಲಾರದೆ ಮೆಲ್ಲನೆ ಅವಳ ಭ್ರಮೆಯೊಳಗೆ ತಾನೂ ಕಾಲಿಡುತ್ತಾನೆ. ಒಬ್ಬರ ಭ್ರಮೆ ಜತೆಯಲ್ಲಿರುವವರಿಗೆ ಹಬ್ಬುವ ಈ ಸ್ಥಿತಿಯನ್ನು ಲಸೇಗ್ ಮತ್ತು ಫಾಲ್ರೆ ಎಂಬ ಫ್ರೆಂಚ್ ವೈದ್ಯರು 1877ರಲ್ಲಿ ವರ್ಣಿಸಿದ್ದರು. ವೈದ್ಯಗ್ರಂಥಗಳು ಇಬ್ಬರನ್ನೂ ಬೇರ್ಪಡಿಸಿರಿ ಎನ್ನುತ್ತವೆ. ಅದು ಪ್ರೀತಿಯೂ ಹೌದೆಂದು ಬರೆದವರು ಈಸಾಕ್ಸನ್. ಇದೇ ಕಾಲದಲ್ಲಿ ನಮ್ಮ ತ್ರಿವೇಣಿಯವರು, ಮನಶ್ಶಾಸ್ತ್ರ ಓದಿದವರು, 'ಶರಪಂಜರ'ದಲ್ಲಿ ಹೆಣ್ಣಿನ ಮನೋರೋಗವನ್ನೂ ಗುಣವಾಗಿ ಬಂದ ಮೇಲೆ ಮನೆಯವರು ಅವಳನ್ನು ನೋಡುವ ನೋಟವನ್ನೂ ಬರೆದರು. ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದೂ ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರ ಚಿತ್ರ ಬಂದಾಗ ಅದನ್ನು ನೋಡಲು ಅವರಿರಲಿಲ್ಲ. ಆ ಚಿತ್ರವನ್ನು ನಾವೂ 'ಪುಟ್ಟಣ್ಣನವರ ಶರಪಂಜರ' ಎಂದೇ ಕರೆಯುತ್ತೇವೆ ಎಂಬುದನ್ನು ಮರೆಯದಿರೋಣ.

ಈಸಾಕ್ಸನ್ ಅವರ ಎರಡನೆಯ ವಿವಾಹ ಸಾಹಿತ್ಯ ಚರಿತ್ರಕಾರ ಏರಿಕ್ ಯಾಲ್ಮರ್ ಲಿಂಡೆರ್ ಅವರೊಡನೆ. ಲಿಂಡೆರ್ ಹುಟ್ಟಿದ್ದು 1906ರಲ್ಲಿ; ಇಪ್ಪತ್ತನೆಯ ಶತಮಾನದ ಸ್ವೀಡಿಷ್ ಸಾಹಿತ್ಯದ ಚರಿತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ಬರೆದವರು. ಗಂಡಹೆಂಡಿರು ಕೂಡಿ ಎಲಿನ್ ವೇಗ್ನರ್ ಎಂಬ ಲೇಖಕಿಯ ಜೀವನಚರಿತ್ರೆಯನ್ನು 1977 ಮತ್ತು 1980ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಸ್ವೀಡಿಷ್ ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದ, ಅಕಾಡೆಮಿಯ ಸದಸ್ಯೆಯಾಗಿದ್ದ ವೇಗ್ನರ್ ಅವರ ಹೆಸರು ಇಂದು ಉಳಿದಿರುವುದರಲ್ಲಿ ಆ ಸಂಪುಟಗಳ ಪಾಲು ದೊಡ್ಡದು. ಮಾತೇ ಕಸುಬಾದ ಇಬ್ಬರು ಒಂದೇ ಮೇಜಿನಲ್ಲಿ ಕುಳಿತು ಮೂರನೆಯವರ ಬದುಕನ್ನು ಕಟ್ಟಿದ ವರ್ಷಗಳವು.

ಆಮೇಲೆ ಲಿಂಡೆರ್ ಅವರಿಗೆ ಆಲ್ಸ್‌ಹೈಮರ್ ರೋಗ ಬಂತು.

'ಬೂಕೆನ್ ಓಮ್ ಏ', ಎಂದರೆ 'ಏ-ಯನ್ನು ಕುರಿತ ಪುಸ್ತಕ', 1994ರಲ್ಲಿ ಪ್ರಕಟವಾಯಿತು. 'ಏ' ಎಂದರೆ ಏರಿಕ್. ಅದೇ ವರ್ಷ ಲಿಂಡೆರ್ ತೀರಿಕೊಂಡರು. ಆಗ ಈ ರೋಗಕ್ಕೆ ಪ್ರಯೋಜನಕಾರಿಯಾದ ಮಾತ್ರೆ ಇಲ್ಲಿ ದೊರೆಯುತ್ತಿರಲಿಲ್ಲ. ಈಗಿನ ಮಾತ್ರೆಗಳು ಬಂದದ್ದು ಆ ದಶಕದ ಕೊನೆಯಲ್ಲಿ. ಅವು ಕೂಡ ಇಳಿಜಾರನ್ನು ಸ್ವಲ್ಪ ತಡೆಯುತ್ತವೆ, ಅಷ್ಟೆ. ಮಾತಿನಿಂದಲೇ ಬದುಕಿದ ಗಂಡನಿಂದ ಮಾತು ಒಂದೊಂದಾಗಿ ಕಳಚಿಕೊಂಡು ಹೋಗುವುದನ್ನು ಮಾತಿನಿಂದಲೇ ಬದುಕಿದ ಹೆಂಡತಿ ಬರೆದಿದ್ದಾರೆ. ಇದು ಪತಿಸೇವೆಯ ಪುಣ್ಯಕಥೆಯಲ್ಲ. ಪ್ರೀತಿಯ ಜತೆಗೆ ತಮ್ಮ ದಣಿವು, ಸಿಟ್ಟು, ಹೇಸಿಗೆಗಳನ್ನೂ ಅವರು ಮುಚ್ಚಿಡಲಿಲ್ಲ. ಇಷ್ಟು ವರ್ಷ ಕಲ್ಪಿತ ರೋಗಿಗಳ ಮಂಚದ ಪಕ್ಕದಲ್ಲಿ ಕುಳಿತು ಬರೆದವರು, ಈಗ ತಮ್ಮ ಮನೆಯ ಮಂಚದ ಪಕ್ಕದಲ್ಲಿ ಕುಳಿತು ಅದೇ ಕಣ್ಣಿನಿಂದ ಬರೆದರು. ತಾನು ಬರೆಸಿಕೊಳ್ಳುತ್ತಿದ್ದೇನೆಂದು ತಿಳಿಯಲಾರದ ಮನುಷ್ಯನನ್ನು ಹೀಗೆ ಬರೆಯುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ವೈದ್ಯರಾದ ನಮಗೆ ರೋಗಿಯ ಗುಟ್ಟು ಕಾಯುವುದು ವ್ರತ. ಆದರೂ ಈ ಪುಸ್ತಕ ಬಂದದ್ದು ಒಳ್ಳೆಯದಾಯಿತೆಂದೇ ನಮ್ಮ ತೀರ್ಮಾನ. ಕಾರಣ, ಆರೈಕೆ ಮಾಡುವವರು ಮನೆಮನೆಯಲ್ಲಿ ಬಾಯಿ ಮುಚ್ಚಿ ಅನುಭವಿಸುವ ನಾಚಿಕೆಯ ಭಾರ ಇದರಿಂದ ಸ್ವಲ್ಪ ಇಳಿಯಿತು.

ನಮ್ಮ ಜನಕ್ಕೆ ಇದು ದೂರದ ಮಾತಲ್ಲ. ಕನ್ನಡದಲ್ಲಿ 'ಅರವತ್ತಕ್ಕೆ ಅರಳು ಮರಳು' ಎಂಬ ನುಡಿಯಿದೆ. ಕೇಳಲು ಹಿತವಾಗಿದೆ, ಆದರೆ ಅದರ ಮರೆಯಲ್ಲಿ ಎಷ್ಟೋ ರೋಗ ವರ್ಷಗಟ್ಟಲೆ ಅಡಗಿರುತ್ತದೆ. ಅರವತ್ತಕ್ಕೆ ಯಾರಿಗೂ ಅರಳು ಮರಳು ಬರಬೇಕಾಗಿಲ್ಲ. ಬಂದರೆ ಅದು ಕಾಯಿಲೆ, ಪರೀಕ್ಷೆ ಮಾಡಿಸಬೇಕು. ಥೈರಾಯಿಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಇವೂ ಮರೆವನ್ನು ತರುತ್ತವೆ, ಇವಕ್ಕೆ ಚಿಕಿತ್ಸೆ ಉಂಟು. ಬಿ-12 ಕೊರತೆ ಸಸ್ಯಾಹಾರಿಗಳಾದ ನಮ್ಮಲ್ಲಿ ಅಪರೂಪವೂ ಅಲ್ಲ. ಇನ್ನೊಂದು ಮಾತು, ವಲಸೆ ಬಂದವರಿಗೇ ವಿಶೇಷವಾದದ್ದು. ಹಳೆಯ ನೆನಪಿಗಿಂತ ಹೊಸ ನೆನಪು ಮೊದಲು ಅಳಿಯುತ್ತದೆಂದು ರಿಬೋ ಎಂಬ ಫ್ರೆಂಚ್ ವಿದ್ವಾಂಸ 1881ರಲ್ಲಿ ಬರೆದ. ಭಾಷೆಯ ವಿಷಯದಲ್ಲೂ ಅನೇಕ ರೋಗಿಗಳಲ್ಲಿ ಹೀಗೇ ಕಾಣುತ್ತದೆ: ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯಿನುಡಿ ಕೊನೆಯವರೆಗೆ ಉಳಿಯುತ್ತದೆ. ಸ್ವೀಡನ್ನಿನಲ್ಲಿ 2010ರಿಂದ ಜಾರಿಯಲ್ಲಿರುವ ಕಾನೂನು ಫಿನ್ನಿಷ್, ಸಾಮಿ, ಮೆಯೆಂಕಿಯೆಲಿ ನುಡಿಗಳವರಿಗೆ ನಿಗದಿಯಾದ ಪ್ರದೇಶಗಳಲ್ಲಿ ತಮ್ಮ ನುಡಿಯಲ್ಲೇ ಮುಪ್ಪಿನ ಆರೈಕೆ ಕೇಳುವ ಹಕ್ಕನ್ನು ಕೊಟ್ಟಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ, ಇರುವುದು ಸಾಧ್ಯವೂ ಅಲ್ಲ. ಮೂವತ್ತು ವರ್ಷ ಇಲ್ಲಿ ದುಡಿದು, ಸರಾಗವಾಗಿ ಸ್ವೀಡಿಷ್ ಮಾತಾಡುತ್ತಿದ್ದ ಹಿರಿಯರು ಒಂದು ದಿನ ಆರೈಕೆ ಮನೆಯಲ್ಲಿ ದಾದಿಗೆ 'ಸ್ವಲ್ಪ ಮಜ್ಜಿಗೆ ಕೊಡವ್ವ' ಎಂದರೆ ಆಕೆಗೆ ಅರ್ಥವಾಗುವುದಿಲ್ಲ. ಕೂಟದ ಕೆಲವು ಸದಸ್ಯರು ವಾರಕ್ಕೊಂದು ಗಂಟೆ ಅಂಥವರೊಡನೆ ಕನ್ನಡ ಮಾತಾಡಿ ಬರುವ ವ್ಯವಸ್ಥೆಯನ್ನು ಕಾರ್ಯಕಾರಿ ಸಮಿತಿ ಯೋಚಿಸಬೇಕೆಂದು ಇಲ್ಲಿಯೇ ಕೇಳಿಕೊಳ್ಳುತ್ತೇವೆ.

ಉಲ್ಲಾ ಈಸಾಕ್ಸನ್ 2000ದ ಏಪ್ರಿಲ್ 24ರಂದು ನಿಧನರಾದರು. ಮರುವರ್ಷ ಡೆನ್ಮಾರ್ಕಿನ ಬಿಲ್ಲೆ ಔಗುಸ್ಟ್ ಆ ಪುಸ್ತಕವನ್ನಾಧರಿಸಿ 'ಎನ್ ಸೋಂಗ್ ಫೋರ್ ಮಾರ್ಟಿನ್', 'ಮಾರ್ಟಿನ್ನನಿಗೊಂದು ಹಾಡು' ಎಂಬ ಚಿತ್ರ ತೆಗೆದರು. ಸಾಹಿತ್ಯದ ಜೋಡಿ ಅದರಲ್ಲಿ ಸಂಗೀತದ ಜೋಡಿಯಾಗಿದೆ: ಗಂಡ ಸಂಯೋಜಕ, ಹೆಂಡತಿ ಪಿಟೀಲು ವಾದಕಿ. ಪಾತ್ರ ವಹಿಸಿದ ಸ್ವೆನ್ ವೋಲ್ಟೆರ್ ಮತ್ತು ವಿವೆಕಾ ಸೆಲ್‌ಡಾಲ್ ನಿಜಜೀವನದಲ್ಲೂ ಜತೆಗಾರರು. ಸೆಲ್‌ಡಾಲ್ ಅದೇ 2001ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ವೋಲ್ಟೆರ್ 2020ರ ಕೋವಿಡ್ ಕಾಲದಲ್ಲಿ ಹೋದರು. ಮುಂದಿನ ಚಳಿಗಾಲದಲ್ಲಿ ಕೂಟ ಇದನ್ನೂ 'ನ್ಯಾರಾ ಲೀವೆಟ್' ಚಿತ್ರವನ್ನೂ ಎರಡು ಸಂಜೆ ತೋರಿಸುವುದಾದರೆ, ಸ್ವೀಡಿಷ್ ತಿಳಿಯದ ಹಿರಿಯರಿಗಾಗಿ ಮಾತುಗಳ ಸಾರವನ್ನು ಕನ್ನಡದಲ್ಲಿ ಬರೆದುಕೊಡಲು ನಾವು ಸಿದ್ಧ. ದಿನ ತುಂಬಿದ ಸೋದರಿಯರು ಮಾತ್ರ ಮೊದಲನೆಯ ಸಂಜೆ ಮನೆಯಲ್ಲಿದ್ದು ಎರಡನೆಯದಕ್ಕೆ ಬರಲಿ.